ರಥಬೀದಿಯ ತುದಿಯಲ್ಲೊಂದು ಸ್ಟೇಡಿಯಂ

(ನಗರ ಯೋಜನೆ ಓದುತ್ತಿರುವ ವಿದ್ಯಾರ್ಥಿಗಳ ಮುಂದೆ ಬೆಂಗಳೂರಿನಲ್ಲಿ ಆಡಿದ ಮಾತುಗಳ ಬರಹ ರೂಪ. ಬರೆಯುವಾಗ ಒಂದೆರಡು ವಿವರ ಸೇರಿಸಿದ್ದೇನೆ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕರಾವಳಿ ಕಡೆಯವರು ಇಲ್ಲಿ ಕೆಲವರಾದರೂ ಇರುತ್ತೀರಿ. ನಿಮಗೆ ಬಾಲಾಲಯ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೈ ಹಾಕಿದಾಗ ಹಳೆಯ ಗುಡಿ ಬಿಚ್ಚಬೇಕು, ಹೊಸದು ಏಳಲು ವರ್ಷಗಳೇ ಹಿಡಿಯಬಹುದು. ಹಾಗೆಂದು ಪೂಜೆ ನಿಲ್ಲಿಸುವಂತಿಲ್ಲ. ಪಕ್ಕದಲ್ಲೇ ಒಂದು ಚಿಕ್ಕ ಗುಡಿ ಮಾಡಿ ದೇವರನ್ನು ಅಲ್ಲಿ ಕೂರಿಸುತ್ತಾರೆ. ದೀಪ ಆರುವುದಿಲ್ಲ, ಊರಿನವರು ನಡೆದು ಬರುವ ದಾರಿಯೂ ಬದಲಾಗುವುದಿಲ್ಲ. ನಾನು ಇವತ್ತು ಹೇಳಹೊರಟಿರುವುದು ಒಂದು ಫುಟ್‌ಬಾಲ್ ಸ್ಟೇಡಿಯಂ ವಿಷಯ. ಅದನ್ನು ಕಟ್ಟಿದ ಬಗೆಯನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಬಾಲಾಲಯ.

ಊರು ಬಿಲ್ಬಾವೊ. ಸ್ಪೇನಿನ ಉತ್ತರ ಭಾಗದಲ್ಲಿ, ಬಾಸ್ಕ್ ಜನರ ನಾಡಿನಲ್ಲಿದೆ. ಊರಿನ ಜನಸಂಖ್ಯೆ ಹೆಚ್ಚುಕಡಿಮೆ ಮೂರೂವರೆ ಲಕ್ಷ, ಅಂದರೆ ನಮ್ಮ ಶಿವಮೊಗ್ಗದ ಅಳತೆಯ ಊರು. ಅಲ್ಲಿನ ಸಾನ್ ಮಾಮೇಸ್ ಸ್ಟೇಡಿಯಂನಲ್ಲಿ 53,000 ಆಸನಗಳಿವೆ. ಊರಿನ ಏಳು ಜನರಲ್ಲಿ ಒಬ್ಬರಿಗೆ ಜಾಗ ಇದ್ದಂತಾಯಿತು. ಶಿವಮೊಗ್ಗದ ನಡುಮಧ್ಯೆ ಅಷ್ಟು ದೊಡ್ಡ ಸ್ಟೇಡಿಯಂ ಒಂದಿದ್ದು, ಅದು ಎರಡು ವಾರಕ್ಕೊಮ್ಮೆ ತುಂಬಿ ಖಾಲಿಯಾಗುತ್ತದೆ ಎಂದು ಕಲ್ಪಿಸಿಕೊಳ್ಳಿ. ಅದರಿಂದ ಊರಿನ ಬೀದಿ, ಬಸ್ಸು, ಅಂಗಡಿ, ಸಂಜೆಗಳು ಹೇಗೆ ಬದಲಾಗುತ್ತವೆ ಎನ್ನುವುದೇ ಇವತ್ತಿನ ಮಾತು.

ಬಿಲ್ಬಾವೊ ಕಬ್ಬಿಣದ ಅದಿರಿನ ಊರು. ಸುತ್ತಲ ಗುಡ್ಡಗಳಿಂದ ಅದಿರು ತೆಗೆದು, ನೆರ್ವಿಯೋನ್ ನದಿಯ ಮೂಲಕ ಹಡಗಿನಲ್ಲಿ ಇಂಗ್ಲೆಂಡಿಗೆ ಕಳಿಸುತ್ತಿದ್ದರು. ಹಾಗೆ ಹೋದ ಹಡಗುಗಳು ಬರುವಾಗ ಫುಟ್‌ಬಾಲ್ ತಂದವು. ಬೆಂಗಳೂರಿಗೆ ದಂಡು ಪ್ರದೇಶದ ಸೈನಿಕರಿಂದ ಈ ಆಟ ಬಂತಲ್ಲ, ಅದೇ ರೀತಿ. 1898ರಲ್ಲಿ ಅಲ್ಲಿ ಅಥ್ಲೆಟಿಕ್ ಕ್ಲಬ್ ಹುಟ್ಟಿತು. 1913ರ ಆಗಸ್ಟಿನಲ್ಲಿ ಅದಕ್ಕೊಂದು ಸ್ವಂತ ಮೈದಾನವಾಯಿತು. ಹತ್ತಿರದಲ್ಲಿದ್ದ ಸಂತ ಮಾಮೇಸನ ಆಶ್ರಮದ ಹೆಸರೇ ಮೈದಾನಕ್ಕೂ ಬಂತು. ಈ ಸಂತನನ್ನು ಸಿಂಹಗಳ ಬಾಯಿಗೆ ಎಸೆದರೂ ಅವು ಅವನನ್ನು ಮುಟ್ಟಲಿಲ್ಲವಂತೆ. ಅದಕ್ಕೇ ಅಲ್ಲಿನ ಆಟಗಾರರಿಗೆ ಇಂದಿಗೂ ಸಿಂಹಗಳೆಂದೇ ಹೆಸರು. ಸ್ಟೇಡಿಯಂ ಅನ್ನು ಜನ ಕರೆಯುವುದು ಲಾ ಕತೆದ್ರಾಲ್ ಎಂದು, ಅಂದರೆ ದೊಡ್ಡ ಇಗರ್ಜಿ. ನಾನು ಬಾಲಾಲಯದ ಮಾತು ಎತ್ತಿದ್ದು ಸುಮ್ಮನೆ ಅಲ್ಲ.

ಆ ಮೈದಾನದಲ್ಲಿ ಮೊದಲ ಗೋಲು ಹೊಡೆದವನು ರಫಾಯೆಲ್ ಮೊರೆನೊ. ಎಲ್ಲರೂ ಕರೆಯುತ್ತಿದ್ದದ್ದು ಪಿಚಿಚಿ ಎಂದು. ಇಪ್ಪತ್ತೊಂಬತ್ತನೇ ವಯಸ್ಸಿಗೇ, 1922ರಲ್ಲಿ ತೀರಿಕೊಂಡ. ನಾಲ್ಕು ವರ್ಷ ಕಳೆದು ಅವನದೊಂದು ಎದೆಮಟ್ಟದ ಪ್ರತಿಮೆ ನಿಲ್ಲಿಸಿದರು. ಸಾನ್ ಮಾಮೇಸಿಗೆ ಮೊದಲ ಸಲ ಆಡಲು ಬರುವ ಯಾವುದೇ ತಂಡದ ನಾಯಕ ಆಟಕ್ಕೆ ಮುಂಚೆ ಆ ಪ್ರತಿಮೆಯ ಮುಂದೆ ಹೂಗುಚ್ಛ ಇಡಬೇಕು. ಅದು ಅಲ್ಲಿನ ಸಂಪ್ರದಾಯ. ಹೊಸ ಸ್ಟೇಡಿಯಂ ಬಂದ ಮೇಲೂ ಪ್ರತಿಮೆ ಬಂತು, ಸಂಪ್ರದಾಯವೂ ಬಂತು.

ಇನ್ನು ಕಟ್ಟಿದ ಕಥೆ. ಹಳೆಯ ಸ್ಟೇಡಿಯಂನಲ್ಲಿ ಸುಮಾರು 40,000 ಜನ ಹಿಡಿಯುತ್ತಿದ್ದರು. ಅದಕ್ಕೂ ವಯಸ್ಸಾಗಿತ್ತು. ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಏನಾಗುತ್ತದೆ? ಊರ ನಡುವಿನ ಜಾಗಕ್ಕೆ ಒಳ್ಳೆಯ ಬೆಲೆ ಬರುತ್ತದೆ, ಮಾರಿ ಹೆದ್ದಾರಿ ಬದಿಯಲ್ಲಿ ವಿಶಾಲವಾಗಿ ಕಟ್ಟೋಣ ಎನ್ನುತ್ತಾರೆ. ಬಿಲ್ಬಾವೊದವರು ಪಕ್ಕದಲ್ಲೇ ಇದ್ದ ಹಳೆಯ ವಸ್ತುಪ್ರದರ್ಶನದ ಜಾಗ ಹಿಡಿದರು. ಪ್ರಾಂತ್ಯ ಸರ್ಕಾರ, ಜಿಲ್ಲಾಡಳಿತ, ನಗರಸಭೆ, ಒಂದು ಬ್ಯಾಂಕು, ಕ್ಲಬ್ಬು ಎಲ್ಲ ಸೇರಿ ಹಣ ಹಾಕಿದರು. 2010ರ ಮೇ ತಿಂಗಳಲ್ಲಿ ಶಂಕುಸ್ಥಾಪನೆ. ಅವತ್ತು ಹಳೆಯ ಮೈದಾನದ ಒಂದು ತುಂಡು ಹುಲ್ಲುಹಾಸು ಮತ್ತು ಒಂದು ಇಟ್ಟಿಗೆಯನ್ನು ಹಾಲಿ ಆಟಗಾರರು, ಮಾಜಿಗಳು, ಸದಸ್ಯರು ಕೈಯಿಂದ ಕೈಗೆ ದಾಟಿಸುತ್ತ ಹೊಸ ಜಾಗಕ್ಕೆ ತಂದರು.

ಹೊಸ ಸ್ಟೇಡಿಯಂನ ಒಂದು ಪಾಲು ಹಳೆಯದು ನಿಂತಿದ್ದ ಜಾಗದ ಮೇಲೇ ಬರಬೇಕಿತ್ತು. ಹಾಗಾಗಿ ಹಳೆಯದರಲ್ಲಿ ಆಟ ನಡೆಯುತ್ತಿರುವಾಗಲೇ ಪಕ್ಕದಲ್ಲಿ ಹೊಸದರ ಮೂರು ಬದಿ ಎದ್ದವು. 2013ರ ಬೇಸಿಗೆಯಲ್ಲಿ ಹಳೆಯದನ್ನು ಕೆಡವಲು ಶುರುಮಾಡಿದರು. ಸೆಪ್ಟೆಂಬರ್ 16ಕ್ಕೆ ಹೊಸದರಲ್ಲಿ ಮೊದಲ ಪಂದ್ಯ. ನಾಲ್ಕನೆಯ ಬದಿಯಲ್ಲಿ ಆಗಿನ್ನೂ ಗ್ಯಾಲರಿಯೇ ಇಲ್ಲ, ಆ ಕಡೆ ಆಕಾಶ ಬಯಲು. ಮುಂದಿನ ವರ್ಷ ಆ ಬದಿಯೂ ಮುಗಿಯಿತು. ನಡುವೆ ಒಂದೇ ಒಂದು ತವರಿನ ಪಂದ್ಯವನ್ನು ಅವರು ಹೊರಗೆ ಆಡಬೇಕಾಗಿ ಬಂತು. ಆಡಿದ್ದು ನೆರೆಯೂರಾದ ಸಾನ್ ಸೆಬಾಸ್ಟಿಯನ್‌ನಲ್ಲಿ, ತಮ್ಮ ಕಡು ಎದುರಾಳಿಗಳ ಮೈದಾನದಲ್ಲಿ. ಎದುರಾಳಿಯೇ ತನ್ನ ಮನೆ ಬಿಟ್ಟುಕೊಟ್ಟದ್ದು ನನಗೆ ತುಂಬ ಹಿಡಿಸಿದ ವಿವರ. ಹಳೆಯ ಸ್ಟೇಡಿಯಂನ ಮುಖ್ಯ ಗ್ಯಾಲರಿಯ ಮೇಲಿದ್ದ ದೊಡ್ಡ ಉಕ್ಕಿನ ಕಮಾನನ್ನು ಗುಜರಿಗೆ ಹಾಕಲಿಲ್ಲ. ಅದನ್ನು ಒಯ್ದು ಕ್ಲಬ್ಬಿನ ತರಬೇತಿ ಕೇಂದ್ರದಲ್ಲಿ, ಚಿಕ್ಕ ಮಕ್ಕಳು ಆಟ ಕಲಿಯುವಲ್ಲಿ ನಿಲ್ಲಿಸಿದ್ದಾರೆ.

ಕಟ್ಟಡದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಚಿತ್ರಗಳು ಎಲ್ಲ ಕಡೆ ಸಿಗುತ್ತವೆ. ಹೊರಮೈಗೆ ತುಸು ತಿರುಚಿದಂತಿರುವ ಬಿಳಿಯ ಹಾಳೆಗಳು. ಇಟಿಎಫ್‌ಇ ಎಂಬ ತೆಳು, ಹಗುರ ಪ್ಲಾಸ್ಟಿಕ್ ಅದು. ರಾತ್ರಿ ಒಳಗಿನಿಂದ ಬೆಳಗುತ್ತದೆ. 2015ರಲ್ಲಿ ವಿಶ್ವ ವಾಸ್ತುಶಿಲ್ಪ ಉತ್ಸವದಲ್ಲಿ ಕ್ರೀಡಾ ಕಟ್ಟಡಗಳ ಪ್ರಶಸ್ತಿ ಬಂತು. ಪ್ರಶಸ್ತಿ ಬಂದ ಆ ಕಟ್ಟಡದಲ್ಲಿ ಮುಂದಿನ ಸಾಲಿನವರು ಮಳೆಗೆ ನೆನೆಯುತ್ತಿದ್ದರು. ಬಿಲ್ಬಾವೊದಲ್ಲಿ ಮಲೆನಾಡಿನ ಸೋನೆಯಂಥ ಮಳೆ. ಅವರು ಅದಕ್ಕೆ ಸಿರಿಮಿರಿ ಎನ್ನುತ್ತಾರೆ, ಹೆಸರು ಕೇಳಿದರೇ ಮೈಮೇಲೆ ಹನಿ ಬಿದ್ದಂತೆ. ಗಾಳಿಗೆ ಓರೆಯಾಗಿ ಬಂದು ಚಾವಣಿಯ ಒಳಕ್ಕೇ ನುಗ್ಗುತ್ತಿತ್ತು. ಜನ ಬಿಡಲಿಲ್ಲ, ದೂರುತ್ತಲೇ ಇದ್ದರು. 2016ರಲ್ಲಿ ಚಾವಣಿಯನ್ನು ಮುಂದಕ್ಕೆ ಚಾಚಿದರು. ವಿನ್ಯಾಸ ಮಾಡುವವರು ಈ ಕಥೆಯನ್ನು ನೆನಪಿಡಿ. ಆ ಊರಿನ ಮಳೆ ಯಾವ ದಿಕ್ಕಿನಿಂದ ಬೀಸುತ್ತದೆ ಎಂದು ಅಲ್ಲಿ ಐವತ್ತು ವರ್ಷ ಕೂತವರಿಗೆ ಗೊತ್ತಿರುತ್ತದೆ, ಅವರನ್ನು ಕೇಳಬೇಕು.

ಬಿಲ್ಬಾವೊ ಎಂದರೆ ನಿಮ್ಮ ಪಠ್ಯಪುಸ್ತಕದಲ್ಲಿ ಗುಗ್ಗೆನ್‌ಹೈಮ್ ಮ್ಯೂಸಿಯಂ ಇರುತ್ತದೆ. ಎಂಬತ್ತರ ದಶಕದಲ್ಲಿ ಉಕ್ಕು ಬಿತ್ತು, ಹಡಗುಕಟ್ಟೆಗಳು ಮುಚ್ಚಿದವು, 1983ರಲ್ಲಿ ದೊಡ್ಡ ಪ್ರವಾಹ ಬೇರೆ ಬಂತು. ಆಮೇಲೆ 1995ರಲ್ಲಿ ಮೆಟ್ರೊ, 1997ರಲ್ಲಿ ಫ್ರಾಂಕ್ ಗೆರಿಯ ಮ್ಯೂಸಿಯಂ ಬಂದು ಊರು ಮತ್ತೆ ಎದ್ದು ನಿಂತಿತು ಎಂದು ಬರೆದಿರುತ್ತಾರೆ. ಅದು ನಿಜವೇ. ಆದರೆ ಮ್ಯೂಸಿಯಂ ಬಂದವರಿಗಾಗಿ ಕಟ್ಟಿದ್ದು, ಸಾನ್ ಮಾಮೇಸ್ ಇದ್ದವರಿಗಾಗಿ ಕಟ್ಟಿದ್ದು ಎಂದು ನನಗೆ ಅನ್ನಿಸುತ್ತದೆ. ಹಡಗುಕಟ್ಟೆಯಲ್ಲಿ ಕೆಲಸ ಕಳೆದುಕೊಂಡವನಿಗೆ ಎರಡು ವಾರಕ್ಕೊಮ್ಮೆ ಹೋಗಿ ಕೂರಲು ತನ್ನದೇ ಎನ್ನುವ ಜಾಗ ಉಳಿಯಿತು. ಆ ಕ್ಲಬ್ಬಿನ ಒಡೆಯರು ಅದರ ನಲವತ್ತು ಸಾವಿರಕ್ಕೂ ಹೆಚ್ಚು ಸದಸ್ಯರೇ, ಹೊರಗಿನ ಧನಿಕರಲ್ಲ. ಆಡುವವರೂ ಬಾಸ್ಕ್ ನಾಡಿನಲ್ಲಿ ಹುಟ್ಟಿದವರು ಅಥವಾ ಅಲ್ಲೇ ಆಟ ಕಲಿತವರು. ನೂರು ವರ್ಷಕ್ಕೂ ಮೀರಿ ಈ ಪಟ್ಟು ಸಡಿಲಿಸಿಲ್ಲ. ಹಾಗಿದ್ದೂ ಮೊದಲ ದರ್ಜೆಯ ಲೀಗಿನಿಂದ ಒಮ್ಮೆಯೂ ಕೆಳಗಿಳಿದಿಲ್ಲ. ಸ್ಪೇನಿನಲ್ಲಿ ಈ ಮಾತು ಹೇಳಬಲ್ಲವರು ಇನ್ನಿಬ್ಬರೇ, ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ.

ಈಗ ಬೀದಿಗೆ ಬರೋಣ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ನಾನು ಅಲ್ಲಿಗೆ ಹೋದೆ. ಪೋಸಾಸ್ ಎಂದು ಜನ ಕರೆಯುವ ಒಂದು ಬೀದಿ ಊರ ನಡುವಿನಿಂದ ಹೊರಟು ನೆಟ್ಟಗೆ ಸ್ಟೇಡಿಯಂ ಕಡೆಗೆ ಹೋಗುತ್ತದೆ. ಎರಡು ಬದಿಯಲ್ಲೂ ಐದಾರು ಮಹಡಿಯ ಮನೆಗಳು, ಕೆಳಗೆ ಸಾಲುಸಾಲು ತಿಂಡಿಯಂಗಡಿ, ಪಾನದಂಗಡಿ. ಆಟಕ್ಕೆ ಇನ್ನೂ ಎರಡು ಗಂಟೆ ಇರುವಾಗಲೇ ಬೀದಿ ತುಂಬ ಕೆಂಪು-ಬಿಳಿ ಪಟ್ಟೆಯ ಅಂಗಿ. ಬಾಲ್ಕನಿಗಳಲ್ಲಿ ಬಾವುಟ. ಬ್ರೆಡ್ಡಿನ ತುಂಡಿನ ಮೇಲೆ ಮೀನೋ ಮೆಣಸಿನಕಾಯಿಯೋ ಇಟ್ಟು ಕಡ್ಡಿ ಚುಚ್ಚಿ ಕೊಡುತ್ತಾರೆ, ಅದನ್ನು ನಿಂತೇ ತಿನ್ನುತ್ತಾರೆ. ಮೂರು ತಲೆಮಾರು ಒಟ್ಟಿಗೆ ನಡೆಯುತ್ತಿರುತ್ತದೆ. ತಲೆಯೆತ್ತಿದರೆ ಬೀದಿಯ ತುದಿಯಲ್ಲಿ, ಮನೆಗಳ ನಡುವಿನ ಸೀಳಿನಲ್ಲಿ, ಸ್ಟೇಡಿಯಂನ ಬಿಳಿ ಮೈ. ಉಡುಪಿಯಲ್ಲೋ ನಂಜನಗೂಡಿನಲ್ಲೋ ರಥಬೀದಿಯಲ್ಲಿ ನಡೆದವರಿಗೆ ಆ ಅನುಭವ ಹೊಸದಲ್ಲ. ತೇರು ಇರುವ ದಿನ ಆ ಬೀದಿಗೆ ಬೇರೆಯದೇ ಕಳೆ. ತೇರಿಲ್ಲದ ದಿನ ಅಲ್ಲೇ ಹೂವು ಮಾರುತ್ತಾರೆ, ಮಕ್ಕಳು ಸೈಕಲ್ ಕಲಿಯುತ್ತಾರೆ.

ಇದು ಜಾಗದಿಂದ ಬಂದ ಗುಣ. ಲಂಡನ್ನಿನ ವೆಸ್ಟ್ ಹ್ಯಾಮ್ ಕ್ಲಬ್ 1904ರಿಂದ ಅಪ್ಟನ್ ಪಾರ್ಕಿನಲ್ಲಿ ಮನೆಗಳ ನಡುವೆ ಆಡುತ್ತಿತ್ತು. 2016ರಲ್ಲಿ ಒಲಿಂಪಿಕ್ ಸ್ಟೇಡಿಯಂಗೆ ಹೋಯಿತು. ಹೊಸ ಜಾಗಕ್ಕೆ ರೈಲು ಸಂಪರ್ಕ ಬೇಕಾದಷ್ಟಿದೆ, ಆಸನಗಳೂ ಹೆಚ್ಚು. ಆದರೆ ಹಳೆಯ ಬೀದಿಯಲ್ಲಿ ಪಂದ್ಯದ ದಿನವನ್ನೇ ನಂಬಿದ್ದ ಅಂಗಡಿಗಳ ವ್ಯಾಪಾರ ನಿಂತಿತು. ಒಲಿಂಪಿಕ್ಸಿಗೆ ಕಟ್ಟಿದ ಸ್ಟೇಡಿಯಂ ಆದ್ದರಿಂದ ಅಭಿಮಾನಿಗೂ ಮೈದಾನಕ್ಕೂ ನಡುವೆ ದೂರ ಬಂದು ಕೂತಿತು.

ಈ ದೂರದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅದು ನಮ್ಮ ಮನೆಯ ವಿಷಯವೂ ಹೌದು. ಮೂರನೇ ಸಾಲಿನಲ್ಲಿರುವವರು ಕುತ್ತಿಗೆ ಎತ್ತದೆ ನೋಡಿ, ನನ್ನ ಪಾದ ಕಾಣುತ್ತಿದೆಯೇ? ಇಲ್ಲ, ಅಲ್ಲವೇ? ಎರಡನೇ ಸಾಲಿನ ತಲೆಗಳು ಅಡ್ಡ ಬರುತ್ತಿವೆ. ಸ್ಟೇಡಿಯಂ ಕಟ್ಟುವವರ ಮುಖ್ಯ ಲೆಕ್ಕವೇ ಇದು. ಮೈದಾನದ ಅಂಚನ್ನು ನೋಡುವ ನಿಮ್ಮ ಕಣ್ಣೋಟ ಮುಂದೆ ಕೂತವರ ಕಣ್ಣಿಗಿಂತ ಎಷ್ಟು ಮೇಲೆ ಹಾದುಹೋಗುತ್ತದೆ? ಅದಕ್ಕೆ ಸಿ ವ್ಯಾಲ್ಯೂ ಎನ್ನುತ್ತಾರೆ. 90 ಮಿಲಿಮೀಟರ್ ಇದ್ದರೆ ಒಳ್ಳೆಯದು, 60ಕ್ಕಿಂತ ಕಡಿಮೆ ಇರಬಾರದು. ನಾಲ್ಕು ಬೆರಳಿನ ಅಗಲದ ಆಸುಪಾಸು. ಆ ನಾಲ್ಕು ಬೆರಳಿಗಾಗಿ ಪ್ರತಿ ಸಾಲನ್ನೂ ಅದರ ಮುಂದಿರುವ ಸಾಲಿಗಿಂತ ತುಸು ಹೆಚ್ಚು ಎತ್ತರಿಸುತ್ತ ಹೋಗಬೇಕು. ಹಾಗಾಗಿಯೇ ಒಳ್ಳೆಯ ಫುಟ್‌ಬಾಲ್ ಸ್ಟೇಡಿಯಂ ಬಾವಿಯಂತೆ ಕಡಿದಾಗಿ ಕಾಣುವುದು. ಗ್ಯಾಲರಿ ಮತ್ತು ಮೈದಾನದ ನಡುವೆ ಓಟದ ಟ್ರ್ಯಾಕ್ ಬಂದರೆ ನೋಡಬೇಕಾದ ಅಂಚೇ ದೂರ ಹೋಗುತ್ತದೆ. ಗ್ಯಾಲರಿ ಮಟ್ಟಸವಾಗಿದ್ದರೂ ನಡೆಯುತ್ತದೆ, ಆದರೆ ಚೆಂಡು ಒದ್ದ ಸದ್ದು ನಿಮ್ಮ ಕಿವಿಗೆ ಬರುವುದಿಲ್ಲ.

ನಮ್ಮ ಕಂಠೀರವ ಸ್ಟೇಡಿಯಂ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಿದ್ಧವಾದದ್ದು. ಅದು ಓಟಗಾರರ ಮನೆ. ಬೆಳಗಿನ ಐದೂವರೆಗೆ ಅಲ್ಲಿ ಸ್ಪೈಕ್ಸ್ ಕಟ್ಟಿಕೊಳ್ಳುವ ಮಕ್ಕಳನ್ನು ನೋಡಿದವರು ಆ ಟ್ರ್ಯಾಕ್ ತೆಗೆಯಿರಿ ಎಂದು ಹೇಳಲಾರರು, ನಾನೂ ಹೇಳುವುದಿಲ್ಲ. ಅದೇ ಅಂಗಳದಲ್ಲಿ ಬೆಂಗಳೂರು ಎಫ್‌ಸಿ ಆಡುತ್ತದೆ. ಟ್ರ್ಯಾಕಿನ ಆಚೆಯಿಂದ ಅದರ ಅಭಿಮಾನಿ ಬಳಗವಾದ ವೆಸ್ಟ್ ಬ್ಲಾಕ್ ಬ್ಲೂಸ್‌ನ ಹುಡುಗ ಹುಡುಗಿಯರು ತೊಂಬತ್ತು ನಿಮಿಷವೂ ಹಾಡುತ್ತಾರೆ, ಆ ದೂರವನ್ನು ಗಂಟಲಿನಿಂದಲೇ ತುಂಬುತ್ತಾರೆ. ನನಗೆ ಅವರ ಬಗ್ಗೆ ಬಹಳ ಪ್ರೀತಿ. ಒಂದೇ ಅಂಗಳಕ್ಕೆ ಇಬ್ಬರು ಮಕ್ಕಳನ್ನು ಕಟ್ಟಿಹಾಕಿ ಇಬ್ಬರೂ ಜಗಳವಾಡುತ್ತಾರೆ ಎಂದರೆ ತಪ್ಪು ಮಕ್ಕಳದ್ದಲ್ಲ.

ಅದೇ ಕ್ಲಬ್ಬು ತನ್ನ ಮೊದಲ ವರ್ಷ, 2013-14ರಲ್ಲಿ, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಡಿ ಐ-ಲೀಗ್ ಗೆದ್ದಿತು. ಅಲ್ಲಿ ಟ್ರ್ಯಾಕ್ ಇಲ್ಲ, ಅದು ಫುಟ್‌ಬಾಲಿನದೇ ಮನೆ. ನಾನು ಬೆಳೆದದ್ದು ಆಸ್ಟಿನ್ ಟೌನಿನಲ್ಲಿ. ಅಪ್ಪ ಕೆಲಸದಿಂದ ಬೇಗ ಬಂದ ದಿನ ನನ್ನನ್ನು ಕರೆದುಕೊಂಡು ಅಲ್ಲಿಗೆ ನಡೆದೇ ಹೋಗುತ್ತಿದ್ದರು. ಸಿಮೆಂಟಿನ ಮೆಟ್ಟಿಲು ಬಿಸಿಲಿಗೆ ಕಾದಿರುತ್ತಿತ್ತು, ಅಪ್ಪ ಪೇಪರ್ ಹಾಸುತ್ತಿದ್ದರು. ಆ ಮೆಟ್ಟಿಲುಗಳ ಮೇಲೆ ಬಹಳಷ್ಟು ದಿನ ನಾನೊಬ್ಬಳೇ ಹುಡುಗಿ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು ಎಂದು ನನಗೆ ಗೊತ್ತಾದದ್ದು ಶಾಲೆಯಲ್ಲಲ್ಲ, ಆ ದಾರಿಯಲ್ಲಿ. ಅಹಮದ್ ಖಾನ್, ಕೆಂಪಯ್ಯ ಎಂಬ ಹೆಸರುಗಳು ಕಿವಿಗೆ ಬಿದ್ದದ್ದೂ ಅಲ್ಲೇ. ಆಟ ಮುಗಿದ ಮೇಲಿನ ವಾಪಸ್ ನಡಿಗೆಯಲ್ಲಿ, ಬಜ್ಜಿ ಅಂಗಡಿಯ ಮುಂದೆ, ಮುಖ ಪರಿಚಯವೂ ಇಲ್ಲದವರು ಅಪ್ಪನ ಜೊತೆ ಅರ್ಧ ಗಂಟೆ ವಾದ ಮಾಡುತ್ತಿದ್ದರು. ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ಸತತವಾಗಿ ಎರಡು ಸಲ ಗೆದ್ದ ಕಾಲದ ಮಾತು ಅವರದು. 1968-69ರ ಆ ಗೆಲುವಿನ ನಂತರ ಕರ್ನಾಟಕ ಮತ್ತೆ ಟ್ರೋಫಿ ಎತ್ತಿದ್ದು 2023ರಲ್ಲಿ, ಅದೂ ದೂರದ ರಿಯಾದ್‌ನಲ್ಲಿ.

ಒಂದು ಕಷ್ಟದ ಮಾತನ್ನು ಹೇಳದೆ ಮುಂದೆ ಹೋಗಲಾರೆ. ಸ್ಟೇಡಿಯಂ ಊರ ನಡುವೆ ಇರಲಿ ಎನ್ನುವ ನನಗೆ ಈ ಊರಿನಲ್ಲಿ ನಿಂತು 2025ರ ಜೂನ್ 4ನ್ನು ಮರೆಯುವ ಹಕ್ಕಿಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಅವತ್ತು ನೂಕುನುಗ್ಗಲಲ್ಲಿ ಹನ್ನೊಂದು ಜನ ಸತ್ತರು. ಹದಿಹರೆಯದವರೂ ಇದ್ದರು. ಗೆಲುವಿನ ಸಂಭ್ರಮಕ್ಕೆ ಹೋದ ಮಕ್ಕಳು ಮನೆಗೆ ಬರಲಿಲ್ಲ. ಆಮೇಲೆ ಸ್ಟೇಡಿಯಂ ಊರಾಚೆ ಹೋಗಲಿ ಎಂಬ ಮಾತು ಕೇಳಿಬಂತು. ಆ ಮಾತಿನ ಹಿಂದಿನ ನೋವು ನನಗೆ ಅರ್ಥವಾಗುತ್ತದೆ. ಆದರೂ ಒಪ್ಪಲಾರೆ. ಗ್ಲಾಸ್ಗೋದ ಐಬ್ರಾಕ್ಸಿನಲ್ಲಿ 1971ರಲ್ಲಿ 66 ಜನ ಸತ್ತದ್ದು ಆಟ ಮುಗಿಸಿ ಹೊರಡುವಾಗ, ಒಂದು ಮೆಟ್ಟಿಲುಸಾಲಿನ ಮೇಲೆ. 1989ರಲ್ಲಿ ಶೆಫೀಲ್ಡಿನ ಹಿಲ್ಸ್‌ಬರೊದಲ್ಲಿ 97 ಜನರನ್ನು ಬಲಿತೆಗೆದುಕೊಂಡ ದುರಂತದ ಮೊದಲ ಹೆಜ್ಜೆ ಬಿದ್ದದ್ದು ಗೇಟಿನ ಹೊರಗಿನ ಇಕ್ಕಟ್ಟಿನಲ್ಲಿ. ಬ್ರಿಟನ್ನಿನಲ್ಲಿ 1973ರಿಂದ ಗ್ರೀನ್ ಗೈಡ್ ಎಂಬ ಸುರಕ್ಷತಾ ಕೈಪಿಡಿ ಇದೆ. ಪ್ರೇಕ್ಷಕರು ಎಂಟು ನಿಮಿಷದೊಳಗೆ ಗ್ಯಾಲರಿ ಬಿಟ್ಟು ಸಲೀಸಾದ ಹೊರದಾರಿಗೆ ಬಂದಿರಬೇಕು ಎಂದು ಅದು ಹೇಳುತ್ತದೆ. ಎಷ್ಟು ಬಾಗಿಲು, ಎಷ್ಟು ಅಗಲ, ಎಷ್ಟು ಮೆಟ್ಟಿಲು ಎಲ್ಲ ಆ ಎಂಟು ನಿಮಿಷದಿಂದ ಹಿಂದಕ್ಕೆ ಲೆಕ್ಕ ಹಾಕಿದ್ದು.

ಹಾಗಾದರೆ ಬಿಲ್ಬಾವೊದಲ್ಲಿ 53,000 ಜನ ಊರ ನಡುವಿನಿಂದ ಹೇಗೆ ಕರಗುತ್ತಾರೆ? ಆ ರಾತ್ರಿ ನಾನು ಬೇಕೆಂದೇ ಹೊರಗೆ ನಿಂತು ನೋಡಿದೆ. ಸುತ್ತಲೂ ಬಾಗಿಲು, ಬಾಗಿಲಾಚೆ ನಿಂತು ಉಸಿರಾಡುವಷ್ಟು ತೆರಪು. ಮೆಟ್ರೊ, ಟ್ರ್ಯಾಮ್, ಲೋಕಲ್ ರೈಲು, ಬಸ್ ನಿಲ್ದಾಣ ನಾಲ್ಕೂ ಕೂಗಳತೆಯಲ್ಲಿವೆ. ಎಲ್ಲಕ್ಕಿಂತ ಮುಖ್ಯವಾಗಿ, ಬಹಳ ಮಂದಿ ನಡೆದೇ ಹೋಗುತ್ತಾರೆ, ಬೇರೆ ಬೇರೆ ಬೀದಿಗಳಲ್ಲಿ, ದಾರಿಯಲ್ಲಿ ಅಲ್ಲಲ್ಲಿ ನಿಲ್ಲುತ್ತ. ಎಲ್ಲರಿಗೂ ಒಂದೇ ಹೊತ್ತಿಗೆ ಒಂದೇ ಕಡೆ ಹೋಗುವ ಅವಸರ ಇರುವುದಿಲ್ಲ. ಊರಾಚೆಯ ಸ್ಟೇಡಿಯಂನಿಂದ ಹೊರಟವರಿಗೆ ಒಂದು ಹೆದ್ದಾರಿ, ಒಂದು ನಿಲ್ದಾಣ, ಅಷ್ಟೇ. ಊರು ತಾನೇ ಜನಸಂದಣಿಯನ್ನು ಹೀರಿಕೊಳ್ಳಬಲ್ಲದು. ಅದಕ್ಕೆ ಬೇಕಾದ ಫುಟ್‌ಪಾತು, ತೆರಪು, ಸಕಾಲಕ್ಕೆ ಕಿವಿಗೆ ಬೀಳುವ ಸರಿಯಾದ ಸೂಚನೆ ಇವನ್ನು ಮೊದಲೇ ಒದಗಿಸಬೇಕು. ಇಲ್ಲಿ ಕೂತಿರುವ ನಿಮ್ಮಲ್ಲಿ ಯಾರಾದರೂ ಮುಂದೆ ಸ್ಟೇಡಿಯಂ ನಕ್ಷೆ ಬರೆದರೆ, ದಯವಿಟ್ಟು ಗೇಟಿನ ಗೆರೆಗೆ ಪೆನ್ಸಿಲ್ ನಿಲ್ಲಿಸಬೇಡಿ. ಬಸ್‌ಸ್ಟಾಪಿನ ತನಕ ಬರೆಯಿರಿ.

2019ರ ಜನವರಿಯಲ್ಲಿ ಸಾನ್ ಮಾಮೇಸಿನಲ್ಲಿ ಮಹಿಳೆಯರ ಕಪ್ ಪಂದ್ಯವೊಂದಕ್ಕೆ 48,121 ಜನ ಬಂದರು. ವಾರದ ನಡುವಿನ ಒಂದು ಬುಧವಾರ. 2024ರಲ್ಲಿ ಮಹಿಳೆಯರ ಚಾಂಪಿಯನ್ಸ್ ಲೀಗ್ ಫೈನಲ್ ಕೂಡ ಅಲ್ಲೇ ನಡೆದು ಐವತ್ತು ಸಾವಿರ ದಾಟಿತು. ಈ ಅಂಕಿ ಓದಿದಾಗ ನನಗೆ ಕಣ್ಣು ತುಂಬಿ ಬಂತು. ಅಶೋಕನಗರದ ಆ ಬಿಸಿ ಮೆಟ್ಟಿಲು ನೆನಪಾಯಿತು.

ನಾನು ಪಂದ್ಯ ನೋಡಿದ ದಿನ ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಜೊತೆಗಿದ್ದ ಮೊಮ್ಮಗ ಅವರನ್ನು ಅಮಾಮ ಎಂದು ಕರೆಯುತ್ತಿದ್ದ. ಆ ಭಾಗದ ಬಾಸ್ಕ್ ಮಾತಿನಲ್ಲಿ ಅಜ್ಜಿಗೆ ಅಮಾಮ ಎನ್ನುತ್ತಾರೆ, ನಮ್ಮ ಅಮ್ಮಮ್ಮನ ಹಾಗೇ. ಕೈಯಲ್ಲಿ ಸೂರ್ಯಕಾಂತಿ ಬೀಜದ ಪೊಟ್ಟಣ. ಹಲ್ಲಲ್ಲಿ ಕಡಿದು ಸಿಪ್ಪೆ ಬಿಡಿಸಿ ತಿನ್ನುತ್ತ, ನನ್ನ ಅಂಗೈಗೂ ಒಂದಿಷ್ಟು ಸುರಿದರು. ಹಳೆಯ ಸ್ಟೇಡಿಯಂನಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದವರೇ ಇಲ್ಲಿಯೂ ಹಿಂದಿನ ಸಾಲಿನಲ್ಲಿದ್ದಾರೆ ಎಂದು ತಿರುಗಿ ತೋರಿಸಿದರು. ಅವರ ಮಾತನ್ನು ಮೊಮ್ಮಗ ನನಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಆಟ ಮುಗಿದು ಹೊರಗೆ ಬಂದಾಗ ಸಿರಿಮಿರಿ ಹನಿಯುತ್ತಿತ್ತು. ಅಮಾಮ ಕೊಡೆ ಬಿಚ್ಚಿ, ಮನೆಗೆ ಹದಿನೆಂಟು ನಿಮಿಷ, ಮಂಡಿ ನೋವಿದ್ದರೆ ಇಪ್ಪತ್ತೈದು ಎಂದರು. ನಿಮ್ಮೂರಲ್ಲಿ ಎಷ್ಟು ದೂರ ಎಂದು ಕೇಳಿದರು. ಅಪ್ಪನ ಮನೆಯಿಂದ ಅರ್ಧ ಗಂಟೆ, ನಡೆದರೆ, ಎಂದೆ.

"ಈ ವಾರ ಅಲ್ಲಿ ಪಂದ್ಯ ಇದೆಯಾ?"

ನನಗೆ ಗೊತ್ತಿರಲಿಲ್ಲ. ರೂಮಿಗೆ ಬಂದು ಮೊಬೈಲಿನಲ್ಲಿ ಹುಡುಕಿದೆ. ಇತ್ತು. ಸೂಪರ್ ಡಿವಿಷನ್ ಲೀಗಿನ ಪಂದ್ಯ, ಮಧ್ಯಾಹ್ನ ಮೂರೂವರೆಗೆ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಹೋಗುವಾಗ ಆಟೊ ಮಾಡಿಕೊಳ್ಳುತ್ತೇನೆ, ಬರುವಾಗ ನಡೆದೇ ಬರುತ್ತೇನೆ ಎಂದರು.